ಮನೆಯ ಗಳಿಗೆ ಬಟ್ಟಲು

ಗುಬ್ಬಿಯ ಪೇಟೆಯೊಳಗಣ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳಗಿನ ಆರು ಗಂಟೆ. ಒಲೆಯ ಒಂದು ಉರಿಯ ಮೇಲೆ ಹಾಲು, ಇನ್ನೊಂದರ ಮೇಲೆ ಕುಕ್ಕರು. ಬಚ್ಚಲಲ್ಲಿ ಗೀಸರಿನ ಕೆಂಪು ದೀಪ ಉರಿಯುತ್ತಿದೆ. ಮಾಳಿಗೆಯ ಮೇಲಿನ ತೊಟ್ಟಿಗೆ ಮೋಟಾರು ನೀರನ್ನೆತ್ತುತ್ತಿದೆ. ನಡುಮನೆಯಲ್ಲಿ ಅತ್ತೆಯವರು ಕಪ್ಪು ಕನ್ನಡಕ ಧರಿಸಿ ಕುಳಿತಿದ್ದಾರೆ. ಹಿಂದಿನ ವಾರವಷ್ಟೆ ತುಮಕೂರಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರು. ಅವರಿಗೆ ಎರಡು ಸೀಸೆಗಳ ತೊಟ್ಟು ಔಷಧ. ಒಂದನ್ನು ದಿನಕ್ಕೆ ಆರು ಸಲ, ಇನ್ನೊಂದನ್ನು ನಾಲ್ಕು ಸಲ ಹಾಕತಕ್ಕದ್ದೆಂದು ವೈದ್ಯರ ಚೀಟಿ ಹೇಳುತ್ತದೆ. ಎರಡೂ ಒಂದೇ ಹೊತ್ತಿಗೆ ಬಂದಾಗ ನಡುವೆ ಐದು ನಿಮಿಷಗಳ ಬಿಡುವಿರಬೇಕು. ಇಲ್ಲವಾದರೆ ಎರಡನೆಯ ತೊಟ್ಟು ಮೊದಲನೆಯದನ್ನು ತೊಳೆದುಬಿಡುತ್ತದೆ. ಮಾವನವರದು ಬೇರೆಯೇ ಒಂದು ಲೆಕ್ಕ. ಥೈರಾಯ್ಡಿನ ಗುಳಿಗೆಯನ್ನು ಬರಿಯ ಹೊಟ್ಟೆಯಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆಯ ಕಾಲ ಕಾಫಿಯನ್ನು ಮುಟ್ಟಕೂಡದು. ಆ ಮನೆಯಲ್ಲಿ ದಿನದ ಅತ್ಯಂತ ದೀರ್ಘವಾದ ಅರ್ಧ ಗಂಟೆ ಅದೇ.

ಇಷ್ಟೆಲ್ಲ ಗಡುವುಗಳನ್ನು ನೆನಪಿಟ್ಟುಕೊಂಡಿರುವವರು ಯಾರು? ಗೋಡೆಯ ಮೇಲೆ ಗಡಿಯಾರವುಂಟು. ಪ್ರತಿಯೊಬ್ಬರ ಬಳಿಯೂ ಮೊಬೈಲು ಉಂಟು. ಆದರೂ ಲೆಕ್ಕವೆಲ್ಲ ಇರುವುದು ಸೊಸೆಯ ತಲೆಯಲ್ಲಿ. ಆಕೆ ಚಟ್ನಿಗೆ ಕಾಯಿ ತುರಿಯುತ್ತ, ಕುಕ್ಕರಿನ ಕೂಗನ್ನು ಎಣಿಸುತ್ತ, ಮಗುವಿನ ಜಡೆ ಹೆಣೆಯುತ್ತ, ಮೋಟಾರಿನ ಸದ್ದು ಬದಲಾಯಿತೇ ಎಂದು ಕಿವಿಗೊಟ್ಟಿರುತ್ತಾಳೆ. ಎಂಟೂವರೆಯ ಬಸ್ಸಿಗೆ ಆಕೆ ತುಮಕೂರಿನ ಕೆಲಸಕ್ಕೆ ಹೊರಡಬೇಕು. ಹೊರಟ ಮೇಲೆ ಹತ್ತು ಗಂಟೆಯ ತೊಟ್ಟನ್ನು ಹಾಕುವವರಾರು? ಹನ್ನೆರಡರದನ್ನು? ಬಸ್ಸಿನಲ್ಲಿ ಕುಳಿತರೂ ಆಕೆಯ ಮನಸ್ಸು ಅತ್ತೆಯ ಕಣ್ಣಿನಲ್ಲಿಯೇ ಇರುತ್ತದೆ.

ಇಂಥ ಮನೆಗಳಿಗೆ ಇತ್ತೀಚೆಗೆ ಬಂದಿರುವ ಒಂದು ಸಣ್ಣ ಪೆಟ್ಟಿಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಅಂಗೈಯಗಲದ ವಸ್ತು, ಮುಖದ ಮೇಲೆ ಅಂಕಿಗಳು ಮೂಡುತ್ತವೆ, ಕೆಳಗೆ ನಾಲ್ಕಾರು ಗುಂಡಿಗಳು. ಸಾಮಾನ್ಯ ಅಲಾರಂ ಗಡಿಯಾರಕ್ಕೆ ಒಂದು ಹೊತ್ತನ್ನು ಹೇಳಿಟ್ಟರೆ ಒಮ್ಮೆ ಕೂಗುತ್ತದೆ. ಇದಕ್ಕಾದರೋ ದಿನಕ್ಕೆ ಎಂಟು ಹತ್ತು ಹೊತ್ತುಗಳನ್ನು, ಕೆಲವಕ್ಕೆ ಇನ್ನೂ ಹೆಚ್ಚನ್ನು, ಒಟ್ಟಿಗೆ ಹೇಳಿಡಬಹುದು. ಸೋಮವಾರಕ್ಕೆ ಒಂದು ಕ್ರಮ, ಭಾನುವಾರಕ್ಕೆ ಇನ್ನೊಂದು ಕ್ರಮವನ್ನೂ ಇಡಬಹುದು. ಇವುಗಳಲ್ಲಿ ಎರಡು ಜಾತಿ. ಒಂದು ಬರಿದೆ ಕೂಗಿ ಕರೆಯುವಂಥದು. ಇನ್ನೊಂದು ಗೋಡೆಯ ವಿದ್ಯುತ್ತಿಗೂ ಉಪಕರಣಕ್ಕೂ ನಡುವೆ ನಿಂತು, ಹೊತ್ತಿಗೆ ಸರಿಯಾಗಿ ತಾನೇ ಹಚ್ಚುವ, ತಾನೇ ಆರಿಸುವ ಜಾತಿ. ಕನ್ನಡದಲ್ಲಿ ಇದಕ್ಕೆ ಸೊಗಸಾದ ಹೆಸರು ಇನ್ನೂ ಹುಟ್ಟಿಲ್ಲ. ಅಂಗಡಿಯವನು ಟೈಮರು ಎನ್ನುತ್ತಾನೆ; ಕೊಂಡವರೂ ಹಾಗೆಯೇ ಎನ್ನುತ್ತಾರೆ.

ಹೆಸರಿಲ್ಲದಿದ್ದರೂ ವಸ್ತು ಹೊಸದೇನಲ್ಲ. ಮದುವೆಯ ಮನೆಯಲ್ಲಿ ಪುರೋಹಿತರು ಇಂದಿಗೂ ಪೂಜಿಸುವ ಗಳಿಗೆ ಬಟ್ಟಲು ಇದರ ಮುತ್ತಜ್ಜಿ. ತಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಎಂದರೆ 24 ನಿಮಿಷ, ಕಳೆಯುತ್ತದೆ. ಹಗಲಿರುಳು ಕೂಡಿ 60 ಗಳಿಗೆ. ಸೂರ್ಯಸಿದ್ಧಾಂತದಲ್ಲಿ ಈ ಬಟ್ಟಲಿನ ವರ್ಣನೆಯುಂಟು. ಘಟವೆಂದರೆ ಮಡಕೆ, ಅದರಿಂದ ಘಟಿಕಾ, ಅದರಿಂದ ಗಳಿಗೆ, ಗಡಿಯಾರವೂ ಅದೇ ಬಳ್ಳಿಯ ಮಾತು. ಹೊತ್ತನ್ನು ತೋರಿಸುವುದಕ್ಕಿಂತ ಹೊತ್ತು ಮುಗಿಯಿತೆಂದು ತಿಳಿಸುವುದೇ ಬಟ್ಟಲಿನ ಕೆಲಸವಾದುದರಿಂದ ಅದು ಗಡಿಯಾರಕ್ಕಿಂತ ಟೈಮರಿಗೇ ಹತ್ತಿರದ ನಂಟು. ಆದರೆ ಒಂದು ಬಟ್ಟಲಿಗೆ ಒಂದೇ ಕೆಲಸ. ಮುಳುಗಿದ ಮೇಲೆ ಯಾರಾದರೊಬ್ಬರು ಎತ್ತಿ ಮತ್ತೆ ತೇಲಬಿಡಬೇಕು. ಪಕ್ಕದಲ್ಲಿ ಕುಳಿತು ಕಾಯುವವನೊಬ್ಬನಿದ್ದರೆ ಮಾತ್ರ ಅದರ ಬಾಳು.

ಹೊಸ ಪೆಟ್ಟಿಗೆಯೊಳಗೆ ನೀರಿನ ಸ್ಥಾನದಲ್ಲಿ ಒಂದು ಸ್ಫಟಿಕದ ಚೂರು ಕುಳಿತಿದೆ. ವಿದ್ಯುತ್ತು ಸೋಕಿದಾಗ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಗೆ ಕಾರಣವಿಲ್ಲದಿಲ್ಲ. ಅದನ್ನು ಅರ್ಧ, ಅರ್ಧದ ಅರ್ಧ, ಹೀಗೆ 15 ಸಲ ಭಾಗಿಸುತ್ತ ಹೋದರೆ ಕೊನೆಗೆ ಉಳಿಯುವುದು ಒಂದು. ಅರ್ಧ ಮಾಡುವುದು ವಿದ್ಯುನ್ಮಂಡಲಕ್ಕೆ ಅತ್ಯಂತ ಸುಲಭವಾದ ಗಣಿತ. ಹಾಗೆ ದೊರೆತ ಒಂದು ಸೆಕೆಂಡಿನ ಮಿಡಿತವನ್ನು ಎಣಿಸುತ್ತ, ತಾನು ಬರೆದಿಟ್ಟುಕೊಂಡ ಹೊತ್ತುಗಳೊಡನೆ ಹೋಲಿಸುತ್ತ, ಕೂಡಿದಾಗ ಕೂಗುವುದು ಅಥವಾ ಒಂದು ಪುಟ್ಟ ಸನ್ನೆಯನ್ನು ಎಳೆಯುವುದು, ಇಷ್ಟೇ ಅದರ ವಿದ್ಯೆ. ಕೈಗಡಿಯಾರದ ಒಳಗಿರುವುದೂ ಇದೇ ಸ್ಫಟಿಕ.

ಈ ವಿದ್ಯೆ ತುಮಕೂರಿಗೆ ಅಪರಿಚಿತವೂ ಅಲ್ಲ. 1961ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿತು. 1978ರಲ್ಲಿ ತುಮಕೂರಿನಲ್ಲಿಯೂ ಅದರ ಒಂದು ಕಾರ್ಖಾನೆ ತಲೆಯೆತ್ತಿತು. ದಿನವೂ ಕೀಲಿ ಕೊಡಬೇಕಾದ ಎಚ್.ಎಂ.ಟಿ. ಗಡಿಯಾರ ಮದುವೆಯ ಗಂಡಿಗೆ ಮಾವನ ಮನೆಯ ಉಡುಗೊರೆಯಾಗಿ ಬರುತ್ತಿದ್ದ ಕಾಲ ಅನೇಕರ ನೆನಪಿನಲ್ಲಿದೆ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಆ ಗಡಿಯಾರ ಕಂಪನಿಯನ್ನು ಮುಚ್ಚುವ ನಿರ್ಧಾರವನ್ನು ಕೈಗೊಂಡಿತು. ಊರಿನ ಎಷ್ಟೋ ಮನೆಗಳ ಮೇಜಿನ ಸೆಳೆಖಾನೆಯಲ್ಲಿ ಇನ್ನೂ ಒಂದೆರಡು ಎಚ್.ಎಂ.ಟಿ.ಗಳು ಮಲಗಿವೆ. ಕೀಲಿ ಕೊಟ್ಟರೆ ನಡೆದಾವು. ಕೀಲಿ ಕೊಡುವವರಿಗೆ ಪುರುಸೊತ್ತಿಲ್ಲ.

ಮತ್ತೆ ಗುಬ್ಬಿಯ ಮನೆಗೆ ಬರುವುದಾದರೆ, ಮೊಬೈಲಿನಲ್ಲಿಯೇ ಹತ್ತಾರು ಅಲಾರಂ ಇಡಬಹುದಲ್ಲ, ಬೇರೆ ಪೆಟ್ಟಿಗೆ ಏತಕ್ಕೆ ಎಂದು ಆ ಮನೆಯ ಮಗ ಕೇಳುವುದು ಸಹಜ. ಕೇಳಲಿಕ್ಕೆ ನ್ಯಾಯವಾದ ಪ್ರಶ್ನೆಯೇ. ಆದರೆ ಮೊಬೈಲು ಒಬ್ಬರ ಸೊತ್ತು. ಅವರೊಡನೆ ಬಸ್ಸು ಹತ್ತುತ್ತದೆ. ಕಣ್ಣಿನ ತೊಟ್ಟಿನ ಗಂಟೆ ತುಮಕೂರಿನ ಕಚೇರಿಯಲ್ಲಿ ಹೊಡೆದುಕೊಂಡರೆ ಗುಬ್ಬಿಯಲ್ಲಿರುವ ಕಣ್ಣಿಗೆ ಬಂದ ಭಾಗ್ಯವೇನು? ನಡುಮನೆಯ ಗೂಡಿನಲ್ಲಿಟ್ಟ ಪೆಟ್ಟಿಗೆಯಾದರೆ ಮನೆಗೆಲ್ಲ ಸೇರಿದ್ದು. ಅದು ಕೂಗಿದಾಗ ಹತ್ತಿರವಿದ್ದವರು ಏಳಲೇಬೇಕಾಗುತ್ತದೆ.

ಮೊದಲ ದಿನ ಹತ್ತು ಗಂಟೆಗೆ ಅದು ಕೂಗಿದಾಗ ಮಾವನವರು ಪತ್ರಿಕೆಯಿಂದ ತಲೆಯೆತ್ತಿ, "ಇದು ಕೂಗ್ತಾ ಇರೋದು ಯಾರನ್ನೆ?" ಎಂದರಂತೆ ಎಂದು ಊಹಿಸಿಕೊಳ್ಳೋಣ. "ನಿಮ್ಮನ್ನೇ ಅಂದ್ರೆ. ನನಗೆ ಕಣ್ಣು ಬಿಡೋ ಹಾಗಿಲ್ಲ, ಸೀಸೆ ನೀವೇ ಹಿಡೀಬೇಕು" ಎಂದು ಅತ್ತೆಯವರು ಹೇಳಿಯಾರು. ನಲವತ್ತು ವರ್ಷಗಳ ದಾಂಪತ್ಯದಲ್ಲಿ ಅವರು ಹೆಂಡತಿಯ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತೋ. ಮುಖ್ಯವಾದ ಸಂಗತಿ ಇದು: ಸೊಸೆಯಾದವಳು ಮಾವನಿಗೆ "ಹೊತ್ತಾಯಿತು, ಏಳಿ" ಎಂದು ಹೇಳುವುದು ಆ ಮನೆಯ ನಡೆಗೆ ಸಲ್ಲದು. ಪೆಟ್ಟಿಗೆ ಹೇಳಬಹುದು. ಅದಕ್ಕೆ ದಾಕ್ಷಿಣ್ಯವಿಲ್ಲ, ಅದರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಆದರೆ ಪೆಟ್ಟಿಗೆಯನ್ನು ಸೊಸೆಯ ಪಕ್ಕದಲ್ಲಿಯೇ, ಅಡುಗೆಯ ಕಟ್ಟೆಯ ಮೇಲೆ ಇಟ್ಟುಬಿಟ್ಟರೆ ಏನೂ ಪ್ರಯೋಜನವಿಲ್ಲ. ಆಗ ಅದು ಆಕೆಯನ್ನು ಕೂಗಿ ಕರೆಯುವ ಇನ್ನೊಬ್ಬ ಬಂಧುವಾಗುತ್ತದೆ, ಅಷ್ಟೆ. ಇಂಥ ಬಂಧುಗಳಿಗೆ ಆಕೆಗೇನೂ ಕೊರತೆಯಿಲ್ಲ.

ಗಂಟೆಯ ಶಬ್ದಕ್ಕೆ ಊರೆಲ್ಲ ಎದ್ದು ನಿಲ್ಲುವುದು ಗುಬ್ಬಿಯವರಿಗೆ ಹೊಸತಲ್ಲವೆನ್ನಿ. 1884ರಲ್ಲಿ ಆ ಊರಿನಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ನಾಟಕ ಕಂಪನಿಯ ನೆನಪು ಅಲ್ಲಿ ಇನ್ನೂ ಹಸುರಾಗಿದೆ. ವೃತ್ತಿರಂಗಭೂಮಿಯಲ್ಲಿ ಮೊದಲನೆಯ ಗಂಟೆಗೆ ಬಣ್ಣ, ಎರಡನೆಯದಕ್ಕೆ ವೇಷ, ಮೂರನೆಯದಕ್ಕೆ ಪರದೆ. ಗಂಟೆ ಹೊಡೆಯುವವನು ರಾಜನ ವೇಷದವನಿಗೂ ಹೆದರಬೇಕಾಗಿರಲಿಲ್ಲ.

ಅಡುಗೆಯ ವಿಷಯದಲ್ಲಿ ಈ ಯಂತ್ರವನ್ನು ಅತಿಯಾಗಿ ನಂಬತಕ್ಕದ್ದಲ್ಲ. ಅಕ್ಕಿ ಉದ್ದುಗಳನ್ನು ನೆನೆಹಾಕಿದ ಹೊತ್ತು, ಇಡ್ಲಿ ಹಬೆಯಲ್ಲಿರಬೇಕಾದ ನಿಮಿಷಗಳು, ಕಾಳು ಬೇಯುವ ಅವಧಿ, ಇವನ್ನು ಅದು ಒಟ್ಟೊಟ್ಟಿಗೆ ನೋಡಿಕೊಳ್ಳಬಲ್ಲದು. ಕುಕ್ಕರಿನ ಕೂಗಿಗಿಂತ ಅದರ ಲೆಕ್ಕ ಭದ್ರ. ಕೂಗಾದರೋ ಉರಿಯ ಮೇಲೆ, ಒಳಗಿನ ನೀರಿನ ಮೇಲೆ, ಹಳತಾದ ರಬ್ಬರು ಬಳೆಯ ಮೇಲೆ ನಿಂತದ್ದು. ಆದರೆ ಹಿಟ್ಟು ಉಬ್ಬುವುದು ಚಳಿಯ ಮೇಲೆ ಹೋಗುತ್ತದೆ, ಗಂಟೆಯ ಮೇಲಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬೇಯಿಸುವವನ ಮುಂದೆ ಪೆಟ್ಟಿಗೆಯನ್ನಿಟ್ಟರೆ ಆತ ನಕ್ಕಾನು. ರಾಗಿ ಮುದ್ದೆಗಂತೂ ಯಾವ ಟೈಮರೂ ಸಲ್ಲದು: ಒದ್ದೆ ಮಾಡಿದ ಬೆರಳಿನಿಂದ ಮುಟ್ಟಿ, ಅಂಟದಿದ್ದರೆ ಬೆಂದಿತು.

ಗೀಸರಿನ ಲೆಕ್ಕ ಬೇರೆ. 25 ಲೀಟರು ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು 2,000 ವ್ಯಾಟಿನ ಗೀಸರಿಗೆ ಸುಮಾರು 26 ನಿಮಿಷ ಹಿಡಿಯುತ್ತದೆ. ಹೆಚ್ಚು ಕಡಮೆ ಒಂದು ಗಳಿಗೆ! ಅಷ್ಟಕ್ಕೆ ಮುಕ್ಕಾಲು ಯೂನಿಟ್ಟಿಗೆ ಮಿಕ್ಕಿ ವಿದ್ಯುತ್ತು ಬೇಕು. ಆರಿಸಲು ಮರೆತರೆ ಅದು ಆರಿದಂತೆಲ್ಲ ಮತ್ತೆ ಮತ್ತೆ ಕಾಯಿಸುತ್ತ, ಯಾರೂ ಮೀಯದ ನೀರಿಗೆ ಹಣ ತೆರಿಸುತ್ತದೆ. ಗಳಿಗೆ ಮುಗಿದೊಡನೆ ತಾನೇ ಆರಿಸುವ ಟೈಮರು ಇಲ್ಲಿ ಸಾರ್ಥಕ. ಕೊಳ್ಳುವಾಗ ಮಾತ್ರ ಅದು 16 ಆಂಪಿಯರು ತಾಳುವಂಥದೇ ಎಂದು ನೋಡಿಕೊಳ್ಳಬೇಕು. ಅಗ್ಗದ, ಸಣ್ಣ ಶಕ್ತಿಯ ಪೆಟ್ಟಿಗೆಗೆ ಗೀಸರನ್ನು ತಗುಲಿಸಿದರೆ ಅದರ ಒಳಗಿನ ಸನ್ನೆ ಕರಗಿ ಅಂಟಿಕೊಂಡೀತು. ಒಳಗೆ ತನ್ನದೇ ಆದ ಪುಟ್ಟ ಬ್ಯಾಟರಿ ಇರಬೇಕಾದದ್ದೂ ಅಷ್ಟೇ ಮುಖ್ಯ. ಇಲ್ಲದಿದ್ದರೆ ಕರೆಂಟು ಹೋಗಿ ಬಂದ ಕೂಡಲೇ ಅದು ಎಲ್ಲವನ್ನೂ ಮರೆತು, ಹುಟ್ಟಿದ ಗಳಿಗೆಯಿಂದ ಹೊಸದಾಗಿ ಎಣಿಸಲಾರಂಭಿಸುತ್ತದೆ. ಭಾಸ್ಕರಾಚಾರ್ಯರ ಮಗಳೆನ್ನಲಾದ ಲೀಲಾವತಿಯ ದಂತಕಥೆಯನ್ನು ಕೇಳದವರಿಲ್ಲ. ಬಗ್ಗಿ ನೋಡಿದಾಗ ಆಕೆಯ ಒಡವೆಯ ಮುತ್ತೊಂದು ಜಾರಿ ಬಟ್ಟಲಿನ ರಂಧ್ರವನ್ನು ಮುಚ್ಚಿತಂತೆ; ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿತು. ಬಟ್ಟಲು ತೇಲುತ್ತಲೇ ಇತ್ತೆಂಬುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಂಕಿಗಳು ಮಿನುಗುತ್ತಿರುವ ಪೆಟ್ಟಿಗೆಯೂ ಹಾಗೆಯೇ ಮೋಸ ಮಾಡಬಲ್ಲದು. ಕಣ್ಣಿನ ಔಷಧದಂಥ ಕೆಲಸಕ್ಕೆ ಗೋಡೆಯ ಮೇಲೊಂದು ಕಾಗದ ಅಂಟಿಸಿ, ತೊಟ್ಟು ಹಾಕಿದಾಗಲೆಲ್ಲ ಗೆರೆ ಎಳೆಯುವುದು ಉಚಿತ.

ಇದುವರೆಗೆ ಹೇಳಿದ್ದು ಪೇಟೆಯ ಮನೆ. ಕುಣಿಗಲ್ಲಿನ ಕಡೆಯ ತೋಟದ ಮನೆಗಳಲ್ಲಿ ಹೊತ್ತಿನ ಪ್ರಶ್ನೆ ಇನ್ನಷ್ಟು ಕಠಿಣವಾದುದು. ಅಲ್ಲಿ ತೆಂಗು ಅಡಕೆಗಳಿಗೆ ನೀರೆತ್ತುವ ಕೊಳವೆಬಾವಿಯ ಮೋಟಾರಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ದಿನದ ಕೆಲವೇ ಗಂಟೆಗಳು ಬರುವುದು. ಅದೂ ಎಷ್ಟೋ ಸಲ ನಡುರಾತ್ರಿಯಲ್ಲಿ. ಬಂದಾಗ ಎದ್ದು, ಟಾರ್ಚು ಹಿಡಿದು, ತೋಟದ ಮೂಲೆಗೆ ನಡೆದು ಗುಂಡಿ ಒತ್ತಬೇಕು. ಹಾವಿನ ಭಯ ಹಳೆಯದು. 2019ರ ಕೊನೆ ಹಾಗೂ 2020ರ ಮೊದಲ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಸೀಮೆಯಲ್ಲಿ ಚಿರತೆಯ ದಾಳಿಗೆ ಒಬ್ಬರ ಮೇಲೊಬ್ಬರು ಬಲಿಯಾದರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಆ ದಿನಗಳಲ್ಲಿ ಕತ್ತಲಾದ ಮೇಲೆ ಹೊರಗೆ ಕಾಲಿಡುವುದೆಂದರೆ ಮನೆಯವರೆಲ್ಲ ಉಸಿರು ಬಿಗಿಹಿಡಿಯುವಂತಾಗಿತ್ತು. ನೀರಿಗೆಂದು ಹೋದ ಗಂಡ ಮರಳುವವರೆಗೆ ಹೆಂಡತಿ ಬಾಗಿಲಲ್ಲಿ ನಿಂತೇ ಇರುತ್ತಾಳೆ. ಆಕೆ ಎಣಿಸುವ ನಿಮಿಷಗಳಿಗೆ ಯಾವ ಸ್ಫಟಿಕದ ಲೆಕ್ಕವೂ ಸಾಲದು.

ವಿದ್ಯುತ್ತು ಬಂದೊಡನೆ ಮೋಟಾರನ್ನು ತಾನೇ ಹಚ್ಚುವ ಆಟೋ ಸ್ಟಾರ್ಟರುಗಳನ್ನು ರೈತರು ಇದಕ್ಕಾಗಿಯೇ ಹಾಕಿಸಿಕೊಂಡರು. ವಿದ್ಯುತ್ ಕಂಪನಿಗಳಿಗೆ ಅದು ಹಿಡಿಸದು. ಆಕ್ಷೇಪಣೆಯಲ್ಲಿ ತಥ್ಯವೂ ಇದೆ. ಹೊರಡುವ ಕ್ಷಣದಲ್ಲಿ ಮೋಟಾರು ತನ್ನ ವಾಡಿಕೆಯ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲಿನ ಮೋಟಾರುಗಳೆಲ್ಲ ಏಕಕಾಲಕ್ಕೆ ಎದ್ದರೆ ಅದು ಸುಟ್ಟುಹೋಗುವುದು ಅಪರೂಪವಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರು ಬದಲಾಗುವವರೆಗೆ ಎಲ್ಲರ ತೋಟವೂ ಒಣಗಬೇಕು. ಟೈಮರು ನೆರವಾಗುವುದು ಇಲ್ಲಿಯೇ. ಕರೆಂಟು ಬಂದ ಮೇಲೆ ಒಬ್ಬನ ಮೋಟಾರು ಎರಡು ನಿಮಿಷ ಬಿಟ್ಟು, ಪಕ್ಕದವನದು ನಾಲ್ಕು ನಿಮಿಷ ಬಿಟ್ಟು, ಮೂರನೆಯವನದು ಆರು ನಿಮಿಷ ಬಿಟ್ಟು ಹೊರಡುವಂತೆ ಇಟ್ಟುಕೊಳ್ಳಬಹುದು. ಬಾವಿಯಲ್ಲಿ ನೀರು ಕಡಮೆಯಿದ್ದರೆ ಒಂದು ಗಂಟೆ ಎತ್ತಿ, ಒಂದು ಗಂಟೆ ಊರಲು ಬಿಟ್ಟು, ಮತ್ತೆ ಎತ್ತುವಂತೆಯೂ ಇಡಬಹುದು. ಬರಿಯ ಗಾಳಿ ಎಳೆದು ಮೋಟಾರು ಸುಡುವುದು ತಪ್ಪುತ್ತದೆ. ಯಂತ್ರಕ್ಕೆ ಇದೆಲ್ಲ ಸುಲಭ. ಕಷ್ಟವಿರುವುದು ನಾಲ್ಕು ತೋಟದವರು ಒಂದು ಜಗಲಿಯಲ್ಲಿ ಕುಳಿತು, ಎರಡು ನಿಮಿಷ ಯಾರದು, ಎಂಟು ನಿಮಿಷ ಯಾರದು ಎಂದು ಒಪ್ಪಿಕೊಳ್ಳುವುದರಲ್ಲಿ. ಬದುವಿನ ಮೇಲಣ ಒಂದು ಗಿಡಕ್ಕಾಗಿ ಮಾತು ಬಿಟ್ಟವರು ಆರು ನಿಮಿಷವನ್ನು ಬಿಟ್ಟುಕೊಡುವರೆ? ಕೆಲವೆಡೆ ಬಿಟ್ಟುಕೊಟ್ಟಾರು; ಟ್ರಾನ್ಸ್‌ಫಾರ್ಮರು ಒಮ್ಮೆ ಸುಟ್ಟ ಮೇಲೆ ಹೆಚ್ಚು ಬೇಗ ಬಿಟ್ಟುಕೊಟ್ಟಾರು.

ಒಂದು ಕೆಲಸ ಮಾತ್ರ ಉಳಿಯುತ್ತದೆ. ಈ ಸಾಲಿನ ಗಿಡಗಳಿಗೆ ನೀರಾದ ಮೇಲೆ ಆ ಸಾಲಿಗೆ ತಿರುಗಿಸಲು ಗೇಟ್‌ವಾಲ್ವಿನ ಬಳಿಗೆ ಮನುಷ್ಯನೇ ಹೋಗಬೇಕು. ಆದರೆ ಮೋಟಾರು ತಾನೇ ಹೊರಟು ತಾನೇ ನಿಂತಿರುವುದರಿಂದ ಅದಕ್ಕೆ ಕತ್ತಲಲ್ಲಿ ಹೋಗಬೇಕಾದ ಅವಸರವಿಲ್ಲ. ಬೆಳಕು ಹರಿದ ಮೇಲೆ, ಮುಖ ತೊಳೆದು, ಕಾಫಿ ಕುಡಿದು ಹೋದರಾಯಿತು.