ಹೊಲದ ಹಳದಿ ಹಕ್ಕಿಯ ಗುರುತು

ಕೋಲಾರ ತಾಲ್ಲೂಕಿನ ಸುಗಟೂರು ಪ್ರಾಂತದಲ್ಲಿ ಮಳೆಗಾಲದ ದಿನಗಳಲ್ಲಿ ಈಚಲು, ಜಾಲಿ ಮರಗಳಿಗೆ ತೂಗುಗೂಡನ್ನು ಹೆಣೆಯುವ ಹಳದಿ ಹಕ್ಕಿಯನ್ನು ರೈತರು ಮೆಚ್ಚಿ ನೋಡುವುದುಂಟು. ಕಾರ್ತಿಕದಲ್ಲಿ ರಾಗಿಯ ತೆನೆಗೆ ಎರಗುವ ಕಂದು ಹಕ್ಕಿಗಳ ಹಿಂಡನ್ನಾದರೋ ಬೇರೆ ಜಾತಿಯ ಕಳ್ಳರೆಂದು ಶಪಿಸುವರು. ಆದರೆ ಎರಡೂ ಬಹುಮಟ್ಟಿಗೆ ಒಂದೇ ಗೀಜಗ. ಈ ಗುರುತು ತಪ್ಪಿದಲ್ಲಿ ಪರಿಹಾರವೂ ತಪ್ಪುವುದು.

ಗೀಜಗವು ಗುಬ್ಬಚ್ಚಿಯಷ್ಟು ದೊಡ್ಡದು. ಮರಿ ಮಾಡುವ ಕಾಲದಲ್ಲಿ ಗಂಡಿನ ನೆತ್ತಿಯೂ ಎದೆಯೂ ಉಜ್ವಲವಾದ ಹಳದಿ. ಕೆನ್ನೆ ಮತ್ತು ಗಂಟಲು ಕಡು ಕಂದು. ಆ ಕಾಲ ಕಳೆದ ಮೇಲೆ ಗಂಡು ಹಳದಿಯನ್ನು ಕಳಚಿ, ಹೆಣ್ಣಿನಂತೆಯೇ ಬೆನ್ನಿನ ಮೇಲೆ ಗೆರೆಗಳುಳ್ಳ ಮಾಸಲು ಕಂದು ಬಣ್ಣಕ್ಕೆ ತಿರುಗುವುದು. ಆದುದರಿಂದ ಬಣ್ಣವೊಂದನ್ನೇ ನಂಬತಕ್ಕದ್ದಲ್ಲ, ಕೊಕ್ಕನ್ನು ನೋಡಬೇಕು. ದಪ್ಪನಾದ, ಶಂಕುವಿನಂತಹ ಕೊಕ್ಕು ಕಾಳು ತಿನ್ನುವ ಹಕ್ಕಿಯದು. ಚಳಿಗಾಲದಲ್ಲಿ ದನಗಳ ಕಾಲಿನ ಬಳಿ ಬಾಲವನ್ನು ಕುಣಿಸುತ್ತ ನಡೆಯುವ ಹಳದಿ ಸಿಪಿಲೆಗೆ ಕೊಕ್ಕು ಸಪೂರ; ಅದು ಹುಳುಗಳನ್ನು ತಿನ್ನುವುದು, ತೆನೆಯನ್ನು ಮುಟ್ಟದು. ಕರಿಯ ರೆಕ್ಕೆಯಲ್ಲಿ ಎರಡು ಬಿಳಿಯ ಪಟ್ಟಿಗಳಿದ್ದು ಮರದೆಲೆಗಳ ನಡುವೆ ಸುಳಿಯುವ ಮಧುರಕಂಠವೂ ಹುಳುಭಕ್ಷಕವೇ. ಕೆರೆಯ ಜೊಂಡಿನಲ್ಲಿ ಗೂಡು ಕಟ್ಟುವ, ಎದೆಯ ಮೇಲೆ ಕಪ್ಪು ಗೆರೆಗಳುಳ್ಳ ಹಕ್ಕಿ ಗೆರೆ ಗೀಜಗ. ಗಂಡಿನಲ್ಲಿ ನೆತ್ತಿ ಮಾತ್ರ ಹಳದಿ.

ಗೀಜಗವು ನಷ್ಟವನ್ನೇ ಮಾಡದೆಂದು ವಾದಿಸುವುದು ನ್ಯಾಯವಲ್ಲ. ಮೊದಲು ಮಾಗಿದ ಒಂಟಿ ಹೊಲದಲ್ಲಿ ಅದರ ಹಿಂಡು ಬಿದ್ದರೆ ಬಡ ರೈತನ ವರ್ಷದ ಅನ್ನವೇ ಕುಗ್ಗುವುದು. ಆದರೆ ಅದೇ ಹಕ್ಕಿ ಮರಿಗಳಿಗೆ ಮಿಡತೆ, ಕಂಬಳಿಹುಳು ಮುಂತಾದವನ್ನು ತಂದು ಉಣಿಸುವುದೂ ಅಷ್ಟೇ ನಿಜ. ಗೂಡುಗಳನ್ನು ಎಣಿಸಿ ಹಕ್ಕಿಗಳ ಸಂಖ್ಯೆಯನ್ನು ಊಹಿಸುವುದೂ ಸರಿಯಲ್ಲ. ಗಂಡು ಒಂದಕ್ಕಿಂತ ಹೆಚ್ಚು ಗೂಡುಗಳನ್ನು ಆರಂಭಿಸುವುದೆಂದೂ, ಹೆಣ್ಣು ಒಪ್ಪಿದುದನ್ನು ಮಾತ್ರ ಪೂರ್ತಿಗೊಳಿಸುವುದೆಂದೂ ಸಲೀಂ ಅಲಿಯವರು 1930ರ ಸುಮಾರಿನಲ್ಲೇ ವಿವರಿಸಿದ್ದಾರೆ. ತೂಗುವ ಗೂಡುಗಳಲ್ಲಿ ಅನೇಕವು ಬರಿದಾಗಿರುವುವು.

ಶ್ರಾವಣದಲ್ಲಿ ಗೂಡುಗಳನ್ನು ಕಿತ್ತೆಸೆಯುವುದರಿಂದಾಗಲಿ, ಸುಗ್ಗಿಯಲ್ಲಿ ವಿಷ ಹಾಕುವುದರಿಂದಾಗಲಿ ಪ್ರಯೋಜನವಿಲ್ಲ. ವಿಷವು ಹುಳು ತಿನ್ನುವ ಹಕ್ಕಿಗಳನ್ನೂ, ಸಾಕಿದ ಕೋಳಿಗಳನ್ನೂ ಕೊಲ್ಲುವುದು. ನೆರೆಹೊರೆಯ ರೈತರು ಒಂದೇ ಕಾಲದಲ್ಲಿ ಬಿತ್ತಿದರೆ ಹಿಂಡಿನ ಹಾವಳಿ ಒಬ್ಬನ ಮೇಲೆಯೇ ಬೀಳದು. ಹಾಲುದುಂಬಿದ ದಿನದಿಂದ ಕೊಯ್ಲಿನವರೆಗೆ, ಬೆಳಗ್ಗೆ ಮತ್ತು ಸಂಜೆ, ತಮಟೆಯಿಂದಲೂ ಗಾಳಿಗೆ ಹೊಳೆಯುವ ಪಟ್ಟಿಗಳಿಂದಲೂ ಕಾಯುವುದು ಯುಕ್ತ. ಮಾಗಿದ ಪೈರನ್ನು ಹೊಲದಲ್ಲಿ ನಿಲ್ಲಿಸಬಾರದು.

ಹೊಲವನ್ನು ಕಾಯುವವನು ಮೊದಲು ಕೊಕ್ಕನ್ನು ನೋಡಲಿ, ಅನಂತರ ಕವಣೆಯನ್ನು ಎತ್ತಲಿ. ಮಿತ್ರನಾರು, ಕಳ್ಳನಾರು ಎಂಬುದನ್ನು ತಿಳಿಯದೆ ಮಾಡಿದ ಕಾವಲು ಅರ್ಧ ಕಾವಲೇ ಸರಿ.