ದ್ಯುತಿ ಓಟ ಮತ್ತು ಮನೆಬಾಗಿಲಿನ ಕ್ಯಾಮೆರಾ

2019ರ ಮೇ ತಿಂಗಳಲ್ಲಿ ಓಟಗಾರ್ತಿ ದ್ಯುತಿ ಚಾಂದ್ ತಮ್ಮೂರಿನ ಯುವತಿಯೊಬ್ಬರನ್ನು ಪ್ರೀತಿಸುತ್ತಿರುವುದಾಗಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಗೆ ತಿಳಿಸಿದರು. ಭಾರತದ ಯಾವ ಪ್ರಮುಖ ಕ್ರೀಡಾಪಟುವೂ ಅದುವರೆಗೆ ಹೀಗೆ ಬಹಿರಂಗವಾಗಿ ಹೇಳಿಕೊಂಡಿರಲಿಲ್ಲ. ಸಂಗಾತಿಯ ಹೆಸರನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಆಕೆ ಅನಗತ್ಯ ಕುತೂಹಲಕ್ಕೆ ಗುರಿಯಾಗಬಾರದೆಂಬುದು ಅವರ ಕಾಳಜಿಯಾಗಿತ್ತು.

ಆ ಕಾಳಜಿ ನಿರಾಧಾರವಾದುದಲ್ಲವೆಂಬುದು ಕೆಲವೇ ದಿನಗಳಲ್ಲಿ ಸಾಬೀತಾಯಿತು. ಒಡಿಶಾದ ಜಾಜಪುರ ಜಿಲ್ಲೆಯ ಚಾಕಾ ಗೋಪಾಲಪುರದ ನೇಕಾರ ಕುಟುಂಬವೊಂದು ಸುದ್ದಿಯ ಕೇಂದ್ರವಾಯಿತು. ತಾಯಿಯ ಅಸಮ್ಮತಿ, ಅಕ್ಕನ ಆಕ್ಷೇಪ, ಹಣದ ಕುರಿತ ಆರೋಪ ಪ್ರತ್ಯಾರೋಪಗಳು ಸರದಿಯಂತೆ ಪ್ರಕಟವಾದವು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ತೀರ್ಪು ನೀಡಿತ್ತು. ಆದರೂ ಮನೆಯವರ ಒಪ್ಪಿಗೆಯುಂಟೇ ಎಂದು ಮೈಕ್ ಹಿಡಿಯುವುದು ತಪ್ಪಲಿಲ್ಲ. ಮದುವೆ ದಲ್ಲಾಳಿಯ ಕೆಲಸ ಕ್ರೀಡಾ ವರದಿಗಾರನಿಗೆ ಯಾವಾಗ ಬಂತೋ!

ದ್ಯುತಿಯವರಿಗೆ ಇದು ಹೊಸದಲ್ಲ. 2014ರಲ್ಲಿ ಟೆಸ್ಟೊಸ್ಟೆರಾನ್ ಪ್ರಮಾಣದ ಕಾರಣ ನೀಡಿ ಅವರನ್ನು ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಕೈಬಿಟ್ಟಾಗ ಅವರ ದೇಹವೇ ಚರ್ಚೆಯ ವಸ್ತುವಾಗಿತ್ತು. 2019ರ ಜುಲೈನಲ್ಲಿ ಇಟಲಿಯ ನಪೋಲಿಯಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ 100 ಮೀಟರ್ ಓಟದಲ್ಲಿ 11.32 ಸೆಕೆಂಡುಗಳ ಚಿನ್ನ ಬಂದಾಗಷ್ಟೇ ಗಮನ ಮತ್ತೆ ಓಟದತ್ತ ಹೊರಳಿತು.

ಇಂಗ್ಲೆಂಡಿನ ಪತ್ರಿಕೆಗಳು ಈ ದಾರಿಯನ್ನು ಬಹಳ ಹಿಂದೆಯೇ ತುಳಿದಿದ್ದವು. ಹತ್ತು ಲಕ್ಷ ಪೌಂಡ್ ಬೆಲೆ ಪಡೆದ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ ಜಸ್ಟಿನ್ ಫಶಾನು 1990ರ ಅಕ್ಟೋಬರ್‌ನಲ್ಲಿ ‘ದಿ ಸನ್’ ಮೂಲಕ ತಾವು ಸಲಿಂಗಿ ಎಂದು ತಿಳಿಸಿದರು. ಪತ್ರಿಕೆ ಆ ಬೆಲೆಯನ್ನೂ ಸೇರಿಸಿಯೇ ತಲೆಬರಹ ಕೊಟ್ಟಿತು. ಬೆನ್ನಲ್ಲೇ ‘ದಿ ವಾಯ್ಸ್’ ಪತ್ರಿಕೆಯಲ್ಲಿ ತಮ್ಮ ಜಾನ್ ಅಣ್ಣನನ್ನು ದೂರಮಾಡಿದ ಸುದ್ದಿ ಬಂತು. ಜಸ್ಟಿನ್ 1998ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಜಾನ್ ಆ ಮಾತುಗಳಿಗಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದ್ದು ಅದಾದ ಎಷ್ಟೋ ವರ್ಷಗಳ ಬಳಿಕ.

ಕನ್ನಡ ಪತ್ರಿಕೋದ್ಯಮದ ತೊಡಕು ಪದದಿಂದಲೇ ಆರಂಭವಾಗುತ್ತದೆ. ದ್ಯುತಿ ಮಾತನಾಡಿದ್ದು ಬಾಳಸಂಗಾತಿಯ ಬಗ್ಗೆ; ಪತ್ರಿಕೆಗಳ ರೂಢಿಯ ಪದ ‘ಸಲಿಂಗಕಾಮಿ’. ಗಂಡು ಹೆಣ್ಣಿನ ಪ್ರೇಮದ ಸುದ್ದಿಯಲ್ಲಿ ‘ಕಾಮ’ ತಲೆಬರಹಕ್ಕೆ ಏರುವುದಿಲ್ಲ.

ಇತ್ತ ಆಟಗಾರರು ಮಧ್ಯವರ್ತಿಗಳನ್ನೇ ಬದಿಗಿಡುತ್ತಿದ್ದಾರೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಜೇಸನ್ ಕಾಲಿನ್ಸ್ 2013ರಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಗೆ ಸ್ವತಃ ಲೇಖನ ಬರೆದರು. ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾರ್ಲ್ ನಸೀಬ್ 2021ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಂನ ಕಿರು ವಿಡಿಯೊದಲ್ಲಿ ವಿಷಯ ತಿಳಿಸಿ, ಖಾಸಗಿತನ ಬಯಸುವ ತಮ್ಮ ಸ್ವಭಾವವನ್ನೂ ಅದರಲ್ಲೇ ಹೇಳಿಬಿಟ್ಟರು.