ಅಮೃತಬಳ್ಳಿಯ ಬಳಕೆ ಮತ್ತು ಯಕೃತ್ತಿನ ಸುರಕ್ಷತೆ

ಅಮೃತಬಳ್ಳಿಯು ಮೆನಿಸ್ಪರ್ಮೇಸಿ ಕುಟುಂಬಕ್ಕೆ ಸೇರಿದ ಔಷಧೀಯ ಬಳ್ಳಿ. ಇದರ ವೈಜ್ಞಾನಿಕ ಹೆಸರು ಟಿನೋಸ್ಪೋರ ಕಾರ್ಡಿಫೋಲಿಯ. ಸಂಸ್ಕೃತದಲ್ಲಿ ಗುಡೂಚಿ, ಹಿಂದಿಯಲ್ಲಿ ಗಿಲೋಯ್ ಎನ್ನುತ್ತಾರೆ. ಒಣ ಹವೆಯನ್ನು ತಾಳಿಕೊಂಡು ಬೇವಿನ ಮರಕ್ಕೂ ಬೇಲಿಗೂ ಹಬ್ಬುವ ಈ ಬಳ್ಳಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಂತಹ ಬಯಲುಸೀಮೆಗೂ ಅಪರಿಚಿತವಲ್ಲ.

ಜ್ವರ ಬಂದಾಗ ನಾಲ್ಕಾರು ದಿನ ಕಷಾಯ ಕುಡಿಯುವುದು ಹಳೆಯ ರೂಢಿ. ಕೋವಿಡ್ ಕಾಲದಲ್ಲಿ ಇದು ಬದಲಾಯಿತು. 2020ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ಹೊರತಂದ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಗುಡೂಚಿಗೆ ಸ್ಥಾನ ದೊರೆಯಿತು. ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಮಾತ್ರೆ, ರಸ, ಪುಡಿಗಳನ್ನು ಆರೋಗ್ಯವಂತರೂ ತಿಂಗಳುಗಟ್ಟಲೆ ಸೇವಿಸತೊಡಗಿದರು.

2021ರಲ್ಲಿ ಮುಂಬಯಿಯ ವೈದ್ಯರು, ಈ ಬಳ್ಳಿಯನ್ನು ಸೇವಿಸಿದ ಬಳಿಕ ಯಕೃತ್ತಿನ ಉರಿಯೂತಕ್ಕೆ ಒಳಗಾದ 6 ರೋಗಿಗಳ ವಿವರವನ್ನು ಪ್ರಕಟಿಸಿದರು. ಮರುವರ್ಷ ಪ್ರಕಟವಾದ, ದೇಶದ 13 ಕೇಂದ್ರಗಳ ಅಧ್ಯಯನದಲ್ಲಿ ಇಂತಹ 43 ಪ್ರಕರಣಗಳಿದ್ದವು. ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗುವ ಸ್ವಪ್ರತಿರಕ್ಷಿತ ಉರಿಯೂತವನ್ನು ಈ ಕಾಯಿಲೆ ಹೋಲುತ್ತಿತ್ತು. ಆ ವ್ಯವಸ್ಥೆಯನ್ನು ಪ್ರಚೋದಿಸುವ ಗುಣಕ್ಕಾಗಿಯೇ ಬಳ್ಳಿಯನ್ನು ಬಳಸಲಾಗುತ್ತಿದೆ ಎಂಬುದು ಗಮನಾರ್ಹ. ಸೇವಿಸಿದವರ ಒಟ್ಟು ಸಂಖ್ಯೆಯನ್ನು ಈ ವರದಿಗಳು ಲೆಕ್ಕಹಾಕಿಲ್ಲವಾದ್ದರಿಂದ ಅಪಾಯದ ಪ್ರಮಾಣವನ್ನು ಇವುಗಳಿಂದ ನಿರ್ಧರಿಸಲಾಗದು.

ಆಯುಷ್ ಸಚಿವಾಲಯವು ಈ ನಿರ್ಣಯವನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟಿನೋಸ್ಪೋರ ಕ್ರಿಸ್ಪ ಎಂಬ ಪ್ರಭೇದ ಹಾನಿಕರವಾಗಿರಬಹುದು ಎಂಬುದು ಅದರ ವಾದ. ಕ್ರಿಸ್ಪದ ಕಾಂಡ ಬೂದುಬಣ್ಣದ್ದು, ಮೈತುಂಬ ಗುಬುಟುಗಳಿದ್ದು ಹಾಲಿನಂತಹ ರಸ ಒಸರುತ್ತದೆ. ಅಮೃತಬಳ್ಳಿಯ ಕಾಂಡ ಹಸಿರುಛಾಯೆಯದು, ಗುಬುಟುಗಳಾಗಲಿ ಹಾಲಾಗಲಿ ಇಲ್ಲ. ಬೇಲಿಯಿಂದ ಕೊಯ್ಯುವವರಿಗೆ ಈ ಗುರುತುಗಳು ನೆರವಾಗುತ್ತವೆ. ಮಾತ್ರೆ, ಪುಡಿ ಕೊಳ್ಳುವವರಿಗಾದರೋ ಕಾಂಡವೇ ಕಾಣಸಿಗದು. ಸಚಿವಾಲಯದ ವಾದವನ್ನು ಪೂರ್ತಿ ಒಪ್ಪಿದರೂ ಗ್ರಾಹಕನ ತೊಡಕು ಉಳಿಯುತ್ತದೆ.

ಇನ್ನೊಂದು ತೊಡಕು ಹೆಚ್ಚು ಗಂಭೀರವಾದುದು. ಆಯುರ್ವೇದದಲ್ಲಿ ಗುಡೂಚಿಯು ಕಾಮಾಲೆಗೂ ಔಷಧಿ. ಬಳ್ಳಿಯನ್ನು ಸೇವಿಸುತ್ತಿರುವಾಗಲೇ ಕಣ್ಣು ಹಳದಿಯಾದರೆ, ಅದನ್ನು ನಿಲ್ಲಿಸುವ ಬದಲು ಹೆಚ್ಚಿಸುವ ಸಂಭವವುಂಟು. ಅತಿಯಾದ ಆಯಾಸ, ಹಸಿವಿಲ್ಲದಿರುವಿಕೆ, ಗಾಢಬಣ್ಣದ ಮೂತ್ರ, ಕಣ್ಣಿನ ಹಳದಿ ಕಂಡಾಗ ಸೇವನೆಯನ್ನು ಕೂಡಲೇ ನಿಲ್ಲಿಸಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ಯಕೃತ್ತಿನ ಕಾಯಿಲೆ ಅಥವಾ ಸ್ವಪ್ರತಿರಕ್ಷಿತ ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಕಷಾಯವನ್ನು ಔಷಧಿಯೆಂದೇ ಎಣಿಸದ ರೋಗಿಗಳು ವೈದ್ಯರು ಕೇಳಿದಾಗ ಅದನ್ನು ಹೇಳದೇ ಬಿಡುವುದುಂಟು. ಪುಡಿಯ ಡಬ್ಬಿಯನ್ನೋ ಬಳ್ಳಿಯ ತುಂಡನ್ನೋ ಜೊತೆಗೆ ಒಯ್ದರೆ ರೋಗನಿರ್ಣಯ ಸುಲಭವಾಗುತ್ತದೆ.